ಯಾರೂ ಮಾಡದ ಲಿಂಬೆ ಹೋಳಿಗೆ

ಅಣ್ಣಿಗೇರಿಯ ಪೇಟೆಯಲ್ಲಿ ಗೊಬ್ಬರದ ಅಂಗಡಿಗೂ ಬಳೆ ಅಂಗಡಿಗೂ ನಡುವೆ ಮಲಿಕಾಬಿಯ ಅತ್ತರ್ ಅಂಗಡಿ ಇದೆ. ಅಂಗಡಿ ಎಂದರೆ ಇಬ್ಬರು ಕೂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕು, ಅಷ್ಟೇ. ಬೋರ್ಡಿಲ್ಲ. ಬೇಕಾಗಿಯೂ ಇಲ್ಲ. ಗೊಬ್ಬರದ ಘಾಟು ದಾಟಿದ ಕೂಡಲೇ ಹಿನಾ, ಖಸ್, ಮಲ್ಲಿಗೆ, ಲೋಬಾನ ಎಲ್ಲ ಸೇರಿ ಬಂದವರನ್ನು ಕರೆದುಕೊಂಡು ಹೋಗಿ ಗಾದಿಯ ಮುಂದೆ ನಿಲ್ಲಿಸುತ್ತವೆ.

ಆ ಗಾದಿಯ ಮೇಲೆ ಈಗ ಹೆಚ್ಚಾಗಿ ಕೂರುವವಳು ಮಲಿಕಾಬಿಯ ಮೊಮ್ಮಗಳು ಮುಬಶಿರಾ. ಕೆಮಿಸ್ಟ್ರಿ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದ ಹುಡುಗಿ. ಕಂಡದ್ದರಲ್ಲೆಲ್ಲ ಮೂಗು ತೂರಿಸುತ್ತಾಳೆ ಎಂದು ಚಿಕ್ಕಂದಿನಿಂದ ಬೈಸಿಕೊಂಡವಳು. ಅದೇ ಮೂಗಿಗೆ ಮುಂದೊಂದು ದಿನ ಕೆಲಸ ಸಿಕ್ಕೀತು ಎಂದು ಬೈದವರಿಗೆ ಹೊಳೆದಿರಲಿಲ್ಲ. ಮೊದಲ ಮಳೆಗೆ ಎರೆ ಹೊಲಕ್ಕೆ ಆ ವಾಸನೆ ಎಲ್ಲಿಂದ ಬರುತ್ತದೆ, ಡಬ್ಬಿಯಲ್ಲಿ ನಾರುವ ಹಿಂಗು ಕಾದ ಎಣ್ಣೆಗೆ ಬಿದ್ದೊಡನೆ ಸಾಧುವಾಗುವುದೇಕೆ, ಒಂದೇ ಮಲ್ಲಿಗೆ ಮುಂಜಾನೆ ಒಂದು ತರಹ, ಸಂಜೆ ಒಂದು ತರಹ ಏಕೆ... ಇಂಥವನ್ನು ಕೇಳಿ ಕೇಳಿ ಅಜ್ಜಿಯ ತಲೆ ತಿನ್ನುತ್ತಿದ್ದಳು. ಅಜ್ಜಿಯದು ಒಂದೇ ಉತ್ತರ: "ಖುದಾನ ಕೆಲಸ ಬೇಟಿ. ನೀ ಬಾಟ್ಲಿ ಒರಸು."

ಕಳೆದ ಬೇಸಿಗೆಯಲ್ಲಿ ಅವಳ ತಲೆಯನ್ನು ಹೊಕ್ಕದ್ದು ಲಿಂಬೆ. ಪರದೇಶದ ಒಬ್ಬ ಹೆಂಗಸು ಫೋನಿನ ವಿಡಿಯೋದಲ್ಲಿ ಹೇಳುತ್ತಿದ್ದಳು: ಅವರ ಕಡೆ ಈಗ ಲಿಂಬೆ ಕೇಕಿನ ಸುಗಂಧ, ಕಿತ್ತಳೆ ಐಸ್‌ಕ್ರೀಮಿನ ಸುಗಂಧ, ಸಕ್ಕರೆ ಪಾಕದಲ್ಲಿ ಬೆಂದ ಸಿಪ್ಪೆಯ ಸುಗಂಧ ಎಂದು ಮಾಡುತ್ತಾರಂತೆ, ಜನ ಹೂವಿನ ಹಾಗೆ ಅಲ್ಲ, ಸಿಹಿ ತಿನಿಸಿನ ಹಾಗೆ ಘಮಘಮಿಸಬೇಕು ಎನ್ನುತ್ತಾರಂತೆ. ಮುಬಶಿರಾ ಲಿಂಬೆ ಕೇಕ್ ತಿಂದವಳಲ್ಲ. ಆದರೆ ಅವಳಿಗೆ ಸೋಜಿಗವಾಯಿತು. ಹುಳಿ, ಸಿಹಿ ಎರಡೂ ನಾಲಿಗೆಯ ಪಾಲಿನವು. ಮೂಗಿಗೆ ಸಿಹಿಯೆಂಬುದೇ ಗೊತ್ತಿಲ್ಲ. ಹಾಗಾದರೆ ಒಂದು ವಾಸನೆಯನ್ನು ನಾವು ಸಿಹಿ ಎನ್ನುವುದು ಹೇಗೆ? ಅದರಲ್ಲೂ ಹುಳಿಯ ರಾಜನಾದ ಲಿಂಬೆಯನ್ನು ಸಿಹಿಯಾಗಿ ಘಮಿಸುವಂತೆ ಮಾಡುವುದು ಹೇಗೆ? ಈ ಪ್ರಶ್ನೆ ಅವಳನ್ನು ನಿದ್ದೆಯಲ್ಲೂ ಬಿಡಲಿಲ್ಲ.

ಬಸ್‌ಸ್ಟ್ಯಾಂಡಿನ ಜ್ಯೂಸಿನ ಗಾಡಿಯವನಿಂದ ಮೂಸಂಬಿ, ಲಿಂಬೆಯ ಸಿಪ್ಪೆ ಬೇಡಿ ತಂದಳು. ಕುಕ್ಕರಿನ ಸೀಟಿ ಕಿತ್ತು ಅಲ್ಲಿಗೆ ತಾಮ್ರದ ನಳಿಕೆ ಜೋಡಿಸಿ ಭಟ್ಟಿ ಇಳಿಸಿದಳು. ಲಿಂಬೆಯ ಎಣ್ಣೆ ಬಂತೇನೋ ಬಂತು, ಆದರೆ ಅದು ನಿಲ್ಲುವ ಪೈಕಿಯಲ್ಲ. ಕೈಗೆ ಹಚ್ಚಿ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಹಾರಿಹೋಗುತ್ತಿತ್ತು. ಹಿಡಿದು ಕೂರಿಸಲು ಗಂಧದೆಣ್ಣೆ ಬೇಕು, ಲೋಬಾನ ಬೇಕು. ದರ್ಗಾದ ಹೊಗೆಯಾಗುವ ಮುಂಚೆ ಲೋಬಾನಕ್ಕೆ ಹಾಲಿನ ಕೆನೆಯಂಥ ಒಂದು ಮೆತ್ತನೆಯ ವಾಸನೆ ಇರುತ್ತದೆ ಎಂಬುದನ್ನು ಅವಳು ಅಂಗಡಿಯಲ್ಲೇ ಕಂಡುಕೊಂಡಿದ್ದಳು. ಲಿಂಬೆ, ಮೂಸಂಬಿ, ಲೋಬಾನ, ಗಂಧ. ಕೂಡಿಸಿದಳು, ಕಳೆದಳು, ಚೆಲ್ಲಿದಳು, ಮತ್ತೆ ಕೂಡಿಸಿದಳು.

ಮೂಸುವುದಕ್ಕೆ ಮಲಿಕಾಬಿಯದೊಂದು ಕಟ್ಟಳೆ ಇತ್ತು, ಅವಳ ಮಾವನ ಕಾಲದಿಂದ ಬಂದದ್ದು. ಅತ್ತರ್ ಪರೀಕ್ಷೆ ಮಾಡುವವರು ಹೊಟ್ಟೆ ಖಾಲಿ ಇಟ್ಟುಕೊಂಡಿರಬೇಕು, ಕೈ ತೊಳೆದು ಒರೆಸಿಕೊಂಡಿರಬೇಕು, ಅಂಗಡಿಯೊಳಗೆ ತಿನ್ನುವ ಪದಾರ್ಥದ ಸುಳಿವೂ ಇರಬಾರದು. ತಿಂದ ಮೂಗು ಸುಳ್ಳು ಹೇಳುತ್ತದೆ ಎಂಬುದು ಅವಳ ನಂಬಿಕೆ. ಮುಬಶಿರಾ ಈ ಕಟ್ಟಳೆಯನ್ನು ನಮಾಜಿನಷ್ಟೇ ನಿಷ್ಠೆಯಿಂದ ಪಾಲಿಸಿದಳು. ಬಂದ ಗಿರಾಕಿಗಳ ಕೈಯನ್ನೂ ಒದ್ದೆ ಬಟ್ಟೆಯಿಂದ ಒರೆಸಿಯೇ ಹಚ್ಚುತ್ತಿದ್ದಳು.

ಫಲ ಮಾತ್ರ ಬೇರೆಯಾಯಿತು. ಕಾಯಿಪಲ್ಲೆ ಮಾರುವವಳು ಮೂಸಿ, "ಯವ್ವಾ, ಬಸ್ಸಿನ್ಯಾಗ ವಾಂತಿ ಬಂದಂಗ ಆದಾಗ ಹಿಡಕೊಂಡ ಕೂಡ್ತೀವಲ್ಲ, ಅದು" ಎಂದಳು. ಬಳೆ ಅಂಗಡಿಯವಳು ಕೈ ಹಿಂದಕ್ಕೆಳೆದುಕೊಂಡು, "ದೃಷ್ಟಿ ತಗದ ಮೂರ ದಾರ್ಯಾಗ ಒಗದ ಬಂದಂಗ ಆತು, ಒರಸ ಮೊದಲ" ಎಂದಳು. ಉಳಿದವರೆಲ್ಲರದೂ ಒಂದೇ ತೀರ್ಪು: ಪಾತ್ರೆ ತಿಕ್ಕುವ ಸಾಬೂನು. ಮೊದಲು ಮೂಸಂಬಿ ಹೆಚ್ಚಿಸಿದಳು, ಸಾಬೂನು. ಲೋಬಾನ ಹೆಚ್ಚಿಸಿದಳು, ದರ್ಗಾದಲ್ಲಿ ಪಾತ್ರೆ ತಿಕ್ಕಿದ ಸಾಬೂನು. ಪಾಪ, ಲಿಂಬೆಯದೇನು ತಪ್ಪು? ಊರೂರಿನ ಬಚ್ಚಲಿಗೆ, ಮೋರಿಗೆ, ನೆಲ ಒರೆಸುವ ನೀರಿಗೆ ಕಂಪನಿಯವರು ಅದನ್ನು ಸುರಿದಿದ್ದರು. ಜನರ ಮೂಗಿನಲ್ಲಿ ಲಿಂಬೆ ಮರದಿಂದ ಇಳಿದು ತಿಕ್ಕುವ ನಾರಿಗೆ ಅಂಟಿಕೊಂಡುಬಿಟ್ಟಿತ್ತು.

ಇದೆಲ್ಲವನ್ನೂ ಇನ್ನೊಬ್ಬರು ಗಮನಿಸುತ್ತಿದ್ದರು. ಅವಳ ಚಾಚಾ, ಮಲಿಕಾಬಿಯ ಮಗ ಮುಜಫರ್. ನವಲಗುಂದದಲ್ಲಿ ಮೊಬೈಲಿನ ಕವರು, ಚಾರ್ಜರು ಮಾರುವವನು. ತಾಯಿಯ ಮೊಣಕಾಲು ನೋವು ಹೆಚ್ಚಾದಂತೆಲ್ಲ ಈ ಅಂಗಡಿಯ ಬಗ್ಗೆ ಅವನ ಪ್ರೀತಿಯೂ ಹೆಚ್ಚುತ್ತಿತ್ತು. ಹಳೆಯ ಗಾದಿ ಕಿತ್ತು, ಗಾಜಿನ ಕಪಾಟು ಹೊಡೆಸಿ, ಒಂದು ಕಡೆ ಕಂಪನಿಯ ಸ್ಪ್ರೇ ಬಾಟಲಿ, ಇನ್ನೊಂದು ಕಡೆ ಮೊಬೈಲು ಎಂದು ಅವನ ಯೋಜನೆ. ಬಡಿಗನನ್ನು ಕರೆತಂದು ಅಳತೆಯನ್ನೂ ತೆಗೆಸಿದ್ದ. ಬಡಿಗ ಟೇಪು ಹಿಡಿದು ಗೋಡೆ ಅಳೆಯುವಾಗ ಮುಬಶಿರಾಳಿಗೆ ತನ್ನನ್ನೇ ಅಳೆದಂತಾಗಿತ್ತು.

ಆಗಲೇ ಶಲವಡಿಯಿಂದ ಶಾಂಭವಿಯ ಲಗ್ನದ ಕರೆ ಬಂದದ್ದು. ಶಾಂಭವಿ ಅವಳ ಕಾಲೇಜಿನ ಗೆಳತಿ, ಶಲವಡಿಯ ಸಂಗನಬಸವ ಗೌಡರ ಮಗಳು. ವರ ಯರಗುಪ್ಪಿಯವನು. ಗೌಡರ ಮನೆಯಲ್ಲಿ ಯಾವ ಲಗ್ನವಾದರೂ ಮಂಟಪದ ಬಾಗಿಲಲ್ಲಿ ನಿಂತು ಬಂದವರ ಬಲಗೈ ಹಿಂಬದಿಗೆ ಅತ್ತರ್ ಹಚ್ಚುವುದು, ಗುಲಾಬಿ ನೀರು ಚಿಮುಕಿಸುವುದು ಮಲಿಕಾಬಿಯ ಮನೆಯವರದೇ ಹಕ್ಕು. ಅವಳ ಮಾವನೂ ಅದೇ ಬಾಗಿಲಲ್ಲಿ ನಿಂತಿದ್ದನಂತೆ. ಶಾಂಭವಿ ಫೋನಿನಲ್ಲಿ ಹಟ ಹಿಡಿದಳು. "ನನ್ನ ಲಗ್ನಕ್ಕ ನಿಂದ ಹೊಸಾದು ಹಚ್ಚಬೇಕ ನೋಡು. ಹಿನಾ-ಗಿನಾ ಅಂದ್ರ ನಾ ಮಂಟಪಕ್ಕ ಬರಂಗಿಲ್ಲ."

ಮಲಿಕಾಬಿ ನವಲಗುಂದದಿಂದ ಮುಜಫರನನ್ನು ಕರೆಸಿದಳು. ಆಮೇಲೆ ಮಗನನ್ನೂ ಮೊಮ್ಮಗಳನ್ನೂ ಎದುರಿಗೆ ಕೂರಿಸಿಕೊಂಡು ತೀರ್ಮಾನ ಹೇಳಿದಳು.

"ಆತು, ಹಚ್ಚು. ಬಂದ ಮಂದಿ ಕೈ ಮೂಸಿ ಚಲೋ ಅಂದ್ರ ಅಂಗಡಿ ನಿಂದು, ಯಾರೂ ಮಾತಾಡಂಗಿಲ್ಲ. ಮೂಗ ಮುರದ್ರ ಮುಜಫರ್ ಬಡಿಗ್ಯಾನ್ನ ಕರಕೊಂಡ ಬರ್ಲಿ. ನೀನೂ ಮಾತಾಡಂಗಿಲ್ಲ."

"ಕಬೂಲ್ ದಾದಿ" ಎಂದು ಅಜ್ಜಿಯ ಮಾತಿಗೆ ಒಪ್ಪಿದಳು ಮುಬಶಿರಾ.

ಲಗ್ನದ ದಿನ ಶಲವಡಿಯ ಗೌಡರ ಮನೆಯ ಮುಂದಿನ ಹಂದರದ ಬಾಗಿಲಲ್ಲಿ ಅಜ್ಜಿ-ಮೊಮ್ಮಗಳು ಬೆಳಿಗ್ಗೆಯೇ ನಿಂತರು. ಅಜ್ಜಿಯ ಕೈಯಲ್ಲಿ ಬೆಳ್ಳಿಯ ಗುಲಾಬದಾನಿ, ಮೊಮ್ಮಗಳ ಕೈಯಲ್ಲಿ ಹೊಸ ಅತ್ತರಿನ ಬಟ್ಟಲು. ಮೊದಲ ತೊಟ್ಟನ್ನು ಅವಳು ತನ್ನ ಬಲಗೈಗೇ ಹಚ್ಚಿಕೊಂಡಳು. ಅಜ್ಜಿಯೂ ಸುಮ್ಮನೆ ಕೈ ಚಾಚಿ ಹಚ್ಚಿಸಿಕೊಂಡಳು. ಊರ ಜನ ಬರತೊಡಗಿದರು. ಅತ್ತರ್ ಹಚ್ಚಿಸಿಕೊಳ್ಳುವವರೆಲ್ಲ ಒಂದೇ ರೀತಿ ಮಾಡುತ್ತಾರೆ: ಕೈ ಚಾಚುತ್ತಾರೆ, ಹಚ್ಚಿದ ಜಾಗವನ್ನು ಮೂಗಿನ ಹತ್ತಿರ ತರುತ್ತಾರೆ, ಕಣ್ಣು ಅರ್ಧ ಮುಚ್ಚಿ "ಆಹಾ" ಎನ್ನುತ್ತಾರೆ. ಅಂದು "ಆಹಾ" ಬರಲಿಲ್ಲ. ಕೈ ಮೂಗಿಗೆ ಹೋಯಿತು, ಹುಬ್ಬು ಮೇಲೆ ಹೋಯಿತು, ಕೈ ಕೆಳಗಿಳಿಯಿತು. ದೊಡ್ಡ ಮನೆಯ ಲಗ್ನ, ಹಾಗಾಗಿ ಮುಖದ ಮೇಲೆ ಯಾರೂ ಏನೂ ಅನ್ನಲಿಲ್ಲ. ಕೆಂಚವ್ವ ಎಂಬ ಹಣ್ಣು ಮುದುಕಿ ಮಾತ್ರ, ಆಕೆಗೆ ದೊಡ್ಡ ಮನೆಯೂ ಒಂದೇ ಸಣ್ಣ ಮನೆಯೂ ಒಂದೇ, "ಏನವಾ ಮಲಿಕಾಬಿ, ಈ ಸಲ ಭಾಂಡಿ ತೊಳ್ಯಾಕ ಕರ್ದೀರೇನು ನಮ್ಮನ್ನ?" ಎಂದು ಕೇಳಿಯೇ ಒಳಗೆ ಹೋದಳು.

ಮಲಿಕಾಬಿ ಮೊಮ್ಮಗಳ ಕಡೆ ನೋಡಲಿಲ್ಲ. ಗುಲಾಬಿ ನೀರು ಚಿಮುಕಿಸುತ್ತಲೇ ಇದ್ದಳು.

ಅಷ್ಟರಲ್ಲಿ ಯರಗುಪ್ಪಿಯ ಬೀಗರ ಬಸ್ಸು ಬಂತು. ಎಲ್ಲರಿಗಿಂತ ಮುಂದೆ ಇಳಿದವಳು ವರನ ತಾಯಿ ಮಹಾನಂದಾ. ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ನಡೆಯಲ್ಲೇ ಮನೆತನ ಗೊತ್ತಾಗುವ ಹೆಂಗಸು. ಮುಬಶಿರಾ ಬಟ್ಟಲು ಮುಂದೆ ಹಿಡಿದಳು. ಮಹಾನಂದಾ ಬಟ್ಟಲಿನ ಹತ್ತಿರ ಮುಖ ತಂದು ಒಂದು ಉಸಿರೆಳೆದಳು, ಕೈ ಮಾತ್ರ ಚಾಚಲಿಲ್ಲ.

"ಇದೇನಿದು, ಪಾತ್ರಿ ತಿಕ್ಕೂ ಸಾಬಾಣ? ಬೀಗರಿಗೆ ಇದನ್ನ ಹಚ್ಚತೀರೇನ್ರಿ ನೀವು?"

ಮಲಿಕಾಬಿ ಸೊಂಟದ ಚೀಲದಿಂದ ಹಿನಾದ ಬಾಟಲಿ ತೆಗೆದು, "ಇದನ್ನ ಹಚ್ಚತೀನ್ರಿ ಅಕ್ಕಾರ, ಇದು ಹಳೇದು" ಎಂದಳು.

"ಬ್ಯಾಡ ಬಿಡ್ರಿ. ಒಮ್ಮೆ ಬ್ಯಾಡ ಅಂದ ಮ್ಯಾಲೆ ಬ್ಯಾಡ."

ಹಿರಿಯ ಬೀಗತಿ ಬೇಡವೆಂದ ಮೇಲೆ ಯರಗುಪ್ಪಿಯ ಒಂದು ಕೈಯೂ ಮುಂದೆ ಬರಲಿಲ್ಲ. ಗಂಡಸರು ಕೂಡ ಕೈಗಳನ್ನು ಹಿಂದೆ ಕಟ್ಟಿಕೊಂಡು, ಬಾವಿ ಕಟ್ಟೆ ನೋಡುವವರ ಹಾಗೆ ಅತ್ತಿತ್ತ ನೋಡುತ್ತ ಸಾಗಿದರು. ಬಸ್ಸು ಪೂರ್ತಿ ಒಳಗೆ ಹೋಯಿತು. ಬಟ್ಟಲು ಇದ್ದ ಹಾಗೇ ಇತ್ತು.

ಮಲಿಕಾಬಿ ಹಂದರದ ಕಂಬಕ್ಕೆ ಒರಗಿ ಫೋನು ತೆಗೆದಳು. "ಮುಜಫರ್, ಬಡಿಗ್ಯಾನಿಗೆ ಹೇಳಿಡು" ಎಂದಷ್ಟೇ ಹೇಳಿ ಇಟ್ಟಳು. ಮುಬಶಿರಾಳಿಗೆ ಅಳು ಬಂತು. ಕೊಟ್ಟ ಮಾತು ಕೊಟ್ಟದ್ದೇ. ಮಾತಾಡುವಂತಿಲ್ಲ ಎಂದು ಮೊದಲೇ ಕಬೂಲು ಮಾಡಿದ್ದಾಗಿತ್ತು. ಆದರೂ ಎಲ್ಲಿ ತಪ್ಪಿತು ಎಂಬ ಪ್ರಶ್ನೆ ಅಳುವಿನ ನಡುವೆಯೂ ಕೊರೆಯುತ್ತಿತ್ತು. ಲಿಂಬೆ ಸರಿಯಿದೆ, ಲೋಬಾನ ಸರಿಯಿದೆ. ಏನೋ ಒಂದು ಇಲ್ಲ. ಏನದು?

ಅಕ್ಷತೆ ಬಿತ್ತು. ಬೀಗರು ವಧೂವರರ ಜೊತೆ ಫೋಟೋಕ್ಕೆ ನಿಂತದ್ದರಿಂದ ಊರವರ ಪಂಕ್ತಿ ಮೊದಲು ಕೂತಿತು. ಅಡುಗೆ ಮಡಿವಾಳೆಪ್ಪನದು; ಕುಂದಗೋಳದಿಂದ ಕಲಘಟಗಿಯವರೆಗೆ ಲಗ್ನದ ಹೋಳಿಗೆ ಎಂದರೆ ಅವನದೇ ಕೈ. ಕಡಲೆಬೇಳೆ ಹೂರಣದ ಹೋಳಿಗೆ, ಮೇಲೆ ತುಪ್ಪ, ಅದರ ಮೇಲೆ ಬಿಸಿ ಹಾಲು, ಎಣ್ಣೆಗಾಯಿ, ಕಟ್ಟಿನ ಸಾರು. ಮುಬಶಿರಾ ಊಟಕ್ಕೆ ಕೂರದೆ ಕಂಬದ ಮರೆಯಲ್ಲಿ ನಿಂತಿದ್ದಳು. ಪಂಕ್ತಿ ಎದ್ದು ಬರುವಾಗ ಕೆಂಚವ್ವನ ಮಾತು ಕಿವಿಗೆ ಬಿತ್ತು.

"ಏ, ಹೋಳಿಗ್ಯಾಗ ಲಿಂಬಿ ಹಾಕ್ಯಾರ ನೋಡ! ಇಷ್ಟ ವರ್ಷ ಹೋಳಿಗಿ ತಿಂದೀನಿ, ಹಿಂತಾ ಹೋಳಿಗಿ ತಿಂದಿಲ್ಲ. ಹಾಲಾಗ ಕಲಸಿದ್ರ ಅಗದಿ ಕೆನೀನ ಲಿಂಬಿಪೆಪ್ಪರಮೆಂಟ್ ತಿಂದಂಗ ಆತು."

"ಹೌದ ನೋಡ, ನಂಗೂ ಹಂಗ ಅನಸ್ತು. ನಾ ಇನ್ನೆರಡ ಹಾಕಿಸ್ಕೊಂಡೆ" ಎಂದಳು ಇನ್ನೊಬ್ಬಳು.

ಹೋಳಿಗೆಗೆ ಲಿಂಬೆ ಯಾರಾದರೂ ಹಾಕುತ್ತಾರೆಯೇ? ಮುಬಶಿರಾ ಕಣ್ಣು ಒರೆಸಿಕೊಂಡಳು. ಅವಳ ಮೂಗು ತನಗೆ ತಾನೇ ಎಚ್ಚರಗೊಂಡಿತು. ಆದರೆ ಈ ಮಾತು ಅವಳೊಬ್ಬಳಿಗೇ ಕೇಳಿಸಿರಲಿಲ್ಲ. ಎರಡನೆಯ ಪಂಕ್ತಿಗೆ ಬರುತ್ತಿದ್ದ ಮಹಾನಂದಾ ಕೂಡ ಕೇಳಿಸಿಕೊಂಡು, ಬಾಯಲ್ಲಿ ನೀರೂರಿಸಿಕೊಂಡೇ ಎಲೆಯ ಮುಂದೆ ಕೂತಳು.

ಹೋಳಿಗೆ ಬಿತ್ತು, ತುಪ್ಪ ಬಿತ್ತು, ಹಾಲು ಬಿತ್ತು. ಮಹಾನಂದಾ ಒಂದು ತುತ್ತು ತಿಂದಳು. ಕೈ ತಡೆದಳು. ಇನ್ನೊಂದು ತುತ್ತು ತಿಂದಳು. ಬಡಿಸುವವನನ್ನು ಕರೆದಳು.

"ಆ ಲಿಂಬಿ ಹೋಳಿಗಿ ನೀಡಪಾ."

"ಲಿಂಬಿ ಹೋಳಿಗಿ ಯಾವದ್ರಿ? ಹೋಳಿಗಿ ಇದ ಒಂದ್ರಿ."

"ಮೊದಲ ಪಂಕ್ತಿಗೆ ನೀಡಿದ್ದು."

"ಅದೂ ಇದರಿ."

ಮಹಾನಂದಾ ಎಡಬಲ ನೋಡಿದಳು. ಯರಗುಪ್ಪಿಯವರೆಲ್ಲ ತುತ್ತು ಬಾಯಲ್ಲಿಟ್ಟುಕೊಂಡು ಲಿಂಬೆ ಹುಡುಕುತ್ತಿದ್ದರು. ಯಾರಿಗೂ ಸಿಕ್ಕಿರಲಿಲ್ಲ. ಅವಳ ಮುಖ ಗಂಟಾಯಿತು. "ನಿಮ್ಮ ಊರವ್ರಿಗೆ ಒಂದು, ಬೀಗರಿಗೆ ಒಂದೇನ್ರಿ?" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಎಲೆ ಬಿಟ್ಟು ಎದ್ದಳು. ಅವಳ ಹಿಂದೆ ಇಡೀ ಪಂಕ್ತಿ ಎದ್ದಿತು.

ಈ ಸೀಮೆಯಲ್ಲಿ ಬೀಗರು ಅರ್ಧ ಎಲೆಯಿಂದ ಎದ್ದರೆ ಅದು ಸಣ್ಣ ಮಾತಲ್ಲ. ಒಡವೆಯಲ್ಲಿ ಹೆಚ್ಚುಕಮ್ಮಿಯಾದರೆ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ; ಪಂಕ್ತಿಯಲ್ಲಿ ಹೆಚ್ಚುಕಮ್ಮಿಯಾದರೆ ಮೊಮ್ಮಕ್ಕಳ ಕಾಲದವರೆಗೆ ಆಡಿ ತೋರಿಸುತ್ತಾರೆ. ಸಂಗನಬಸವ ಗೌಡರು ಹೆಗಲ ಶಲ್ಯ ಕೈಯಲ್ಲಿ ಹಿಡಿದು ಓಡಿಬಂದರು. ಮಡಿವಾಳೆಪ್ಪನನ್ನು ಕರೆಸಿದರು. ಅವನು ಹಿಟ್ಟಿನ ಕೈಯಲ್ಲೇ ಬಂದು ನಿಂತ.

"ನನ್ನ ಕೊಳ್ಳಾಗಿನ ಲಿಂಗದಾಣಿ ಗೌಡ್ರ, ಹೂರಣಕ್ಕ ಬೆಲ್ಲ, ಯಾಲಕ್ಕಿ ಬಿಟ್ರ ಏನೂ ಹಾಕಿಲ್ರಿ."

"ಸುಳ್ಳ ಹೇಳಬ್ಯಾಡೋ ಮಡಿವಾಳ್ಯಾ" ಎಂದಳು ಕೆಂಚವ್ವ, ಒಳ್ಳೆಯದನ್ನೇ ಮಾಡುತ್ತಿದ್ದೇನೆಂಬ ನಂಬಿಕೆಯಲ್ಲಿ. "ನಾ ತಿಂದೀನಿ. ಲಿಂಬಿ ಇತ್ತು."

ಗೌಡರ ಮುಖ ಬಿಳಿಚಿತು. ಒಳಕೋಣೆಯ ಬಾಗಿಲಲ್ಲಿ ಶಾಂಭವಿ ಬಾಸಿಂಗ ಕಟ್ಟಿದ ಹಣೆಯಲ್ಲೇ ನಿಂತಿದ್ದಳು. ಅತ್ತೆಯ ಮನೆಗೆ ಹೋಗುವ ಮೊದಲೇ ಅತ್ತೆಯ ಸಿಟ್ಟು ಕಟ್ಟಿಕೊಂಡು ಹೋಗುವುದು ಯಾವ ಹುಡುಗಿಗೆ ಬೇಕು?

ಮುಬಶಿರಾ ಅಡುಗೆಯ ಹಂದರಕ್ಕೆ ನುಗ್ಗಿದಳು. ಬುಟ್ಟಿಯಿಂದ ಒಂದು ಹೋಳಿಗೆ ಎತ್ತಿಕೊಂಡು, ತುಪ್ಪ ಹಾಲು ಹಾಕಿ, ಬಲಗೈಯಿಂದಲೇ ಮುರಿದು ಬಾಯಿಗಿಟ್ಟಳು. ತುತ್ತು ತುಟಿಯ ಹತ್ತಿರ ಬಂದಾಗ ಕೈಯ ಹಿಂಬದಿ ಮೂಗಿನ ಕೆಳಗೇ ಬಂತು. ಬೆಲ್ಲ, ಯಾಲಕ್ಕಿ, ಬಿಸಿ ಹಾಲು, ಅದರ ಮೇಲೆ ತೆಳ್ಳಗೆ ಲಿಂಬೆ, ಮೂಸಿದ್ದಲ್ಲ, ತಿಂದದ್ದೇ. ನಾಲಿಗೆಯ ಮೇಲೆ ಲಿಂಬೆ ಇತ್ತು. ಅವಳು ಎಡಗೈಯಿಂದ ಮೂಗು ಒತ್ತಿ ಹಿಡಿದು ಅಗಿದಳು: ಲಿಂಬೆ ಹೋಯಿತು. ಬಿಟ್ಟಳು: ಬಂತು. ಸಾಬೂನಿನ ಸುಳಿವೇ ಇರಲಿಲ್ಲ.

ಅಷ್ಟು ದಿನ ತೊಳೆದ ಕೈಗಳ ಮೇಲೆ, ಖಾಲಿ ಹೊಟ್ಟೆಗಳ ಮುಂದೆ ಹುಡುಕಿದ್ದು ಇಲ್ಲಿತ್ತು. ತೊಳೆದ ಕೈಗೆ ಲಿಂಬೆ ಹಚ್ಚಿದರೆ ಮೂಗಿಗೆ ಇನ್ನೇನು ನೆನಪಾದೀತು, ತೊಳೆಯುವುದಲ್ಲದೆ? ಸಿಹಿಯನ್ನು ಬಾಟಲಿಯಲ್ಲಿ ತುಂಬಲು ಹೋಗಿದ್ದಳು ಅವಳು. ಸಿಹಿ ಉಣ್ಣುವವರ ಕೈಯಲ್ಲಿ ಇತ್ತು. ಅವಳಿಗೆ ನಗು ಬಂತು, ಅದರ ಬೆನ್ನಿಗೇ ಹೆದರಿಕೆಯೂ ಬಂತು.

ಹೊರಗೆ ಓಡುವಾಗ ಮಲಿಕಾಬಿ ತೋಳು ಹಿಡಿದು ನಿಲ್ಲಿಸಿದಳು. ಮೊಮ್ಮಗಳ ಮುಖ ನೋಡಿಯೇ ಅವಳಿಗೆ ಏನೋ ಹೊಳೆದಿತ್ತು. "ಇದೆಲ್ಲಾ ನಿನ್ನ ಅತ್ತರ್‌ದ ಕೆಲಸ ಹೌದಲ್ಲ?"

"ಹೌದು ದಾದಿ."

"ಹಂಗಾದ್ರ ಬಾಯಿ ಮುಚ್ಚಕೊಂಡ ಇರು. ಅಡಿಗ್ಯಾಂವ ಇವತ್ತ ಬೈಸ್ಕೋತಾನ, ನಾಳಿಗೆ ಮರೀತಾರ. ನೀ ಹೇಳಿದಿ ಅಂದ್ರ ಲಗ್ನಾ ಕೆಡಿಸಿದ ಅತ್ತರ್ ಅಂತ ಊರೆಲ್ಲಾ ಆಗತೈತಿ. ಅಂಗಡಿ ಹೋದ್ರ ಹೋಗ್ಲಿ, ಹೆಸರರ ಉಳೀಲಿ."

ಅಜ್ಜಿ ಹೇಳಿದ್ದು ಸುಳ್ಳಲ್ಲ. ಆದರೆ ಅಲ್ಲಿ ಮಡಿವಾಳೆಪ್ಪ ಹಿಟ್ಟಿನ ಕೈ ಜೋಡಿಸಿಕೊಂಡು, ಮಾಡದ ತಪ್ಪಿಗೆ ತಲೆ ತಗ್ಗಿಸಿ ನಿಂತಿದ್ದ. ಅದನ್ನು ನೋಡಿಕೊಂಡು ಸುಮ್ಮನಿರಲು ಅವಳಿಂದ ಆಗಲಿಲ್ಲ. ಅಜ್ಜಿಯ ಕೈ ಬಿಡಿಸಿಕೊಂಡು ಹೋಗಿ ಮಹಾನಂದಾಳ ಎದುರಿಗೆ ನಿಂತಳು.

"ಅಕ್ಕಾರ, ಲಿಂಬಿ ಹೋಳಿಗಿ ಇಲ್ರಿ. ಯಾರೂ ಮಾಡಿಲ್ಲ. ಲಿಂಬಿ ನಾ ಹಚ್ಚಿದ ಅತ್ತರ್‌ದಾಗ ಐತ್ರಿ. ಹಚ್ಚಿಸ್ಕೊಂಡ ಕೈಲೆ ಉಂಡವ್ರಿಗೆ ಹೋಳಿಗ್ಯಾಗ ಬಂದಂಗ ಆಗೇತಿ. ನೀವು ಹಚ್ಚಿಸ್ಕೊಂಡಿಲ್ಲ, ನಿಮಗ ಬಂದಿಲ್ಲ."

ಮಹಾನಂದಾ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ನನ್ನ ಏನ ಸಣ್ಣ ಕೂಸಂತ ತಿಳದಿ? ಕೈಗೆ ಸಾಬಾಣ ಹಚ್ಚಿದ್ರ ಬಾಯಾಗ ಲಿಂಬಿ ಬರತೈತಿ?"

"ಬರಲಿಲ್ಲಂದ್ರ ಏನ ಬೇಕಾದ್ದ ಅನ್ರಿ. ಒಂದ ಸಲ ಕೈ ಕೊಡ್ರಿ."

ಬಹಳ ಹೊತ್ತು ಆ ಕೈ ಮೇಲೇಳಲಿಲ್ಲ. ಒಮ್ಮೆ ಬೇಡವೆಂದ ಮೇಲೆ ಬೇಡವೆನ್ನುವ ಹೆಂಗಸು ಅವಳು. ಆದರೆ ಮುಖದಲ್ಲಿ ಸಿಟ್ಟಿನ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತಿದ್ದದ್ದನ್ನು ಮುಬಶಿರಾ ಕಂಡಳು, ಏಕೆಂದರೆ ಅದು ಅವಳ ಸ್ವಂತ ಕಾಯಿಲೆ: ನಿಜವೇ ಇರಬಹುದೇ ಎಂಬ ತುರಿಕೆ. ಕೊನೆಗೆ ಮಹಾನಂದಾ ಬಲಗೈ ಚಾಚಿದಳು. ಮುಬಶಿರಾ ಹಿಂಬದಿಗೆ ಒಂದು ತೊಟ್ಟು ಹಚ್ಚಿದಳು. ಗೌಡರೇ ಹೊಸ ಎಲೆ ಹಾಕಿ ಹೋಳಿಗೆ ನೀಡಿದರು.

ಮಹಾನಂದಾ ಕೂತು ಒಂದು ತುತ್ತು ತಿಂದಳು. ಅಗಿಯುವುದು ನಿಧಾನವಾಯಿತು. ಅವಳು ಸುಲಭಕ್ಕೆ ನಂಬುವವಳಲ್ಲ. ಎಡಗೈಯಿಂದ ತಿಂದು ನೋಡುವ ಹಾಗೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ನಾದಿನಿಗೆ, "ಸುಮಂಗಲಾ, ನೀ ಹಚ್ಚಿಸ್ಕೊಂಡಿಲ್ಲಲ್ಲ? ಇದರಾಗಿಂದ ಒಂದ ತುತ್ತ ನಿನ್ನ ಕೈಲೆ ಹಾಕ ಬಾಯಾಗ" ಎಂದು ತನ್ನ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಸುಮಂಗಲಾ ತಿನ್ನಿಸಿದಳು. ಬರೀ ಹೋಳಿಗೆ. ಮತ್ತೆ ತನ್ನ ಕೈಯಿಂದ ತಿಂದಳು. ಲಿಂಬೆ.

"ಸುಮಂಗಲಾ, ಮತ್ತೊಂದ ಹಾಕು." ತಿಂದಳು. "ಇಲ್ಲ." ತನ್ನ ಕೈಯಿಂದ ತಿಂದಳು. "ಐತಿ!"

ಮದುವಣಗಿತ್ತಿಯ ಅತ್ತೆಯೊಬ್ಬಳು ಒಂದು ಸಲ ನಾದಿನಿಯ ಕೈಯಿಂದ, ಒಂದು ಸಲ ತನ್ನ ಕೈಯಿಂದ ಗಬಗಬ ಹೋಳಿಗೆ ತಿನ್ನುವುದನ್ನು ಎರಡು ಊರು ನಿಂತು ನೋಡಿದವು. ಮೊದಲು ನಕ್ಕವಳು ಶಾಂಭವಿ, ಬಾಸಿಂಗ ಅಲುಗಾಡುವಂತೆ. ಆಮೇಲೆ ಮಹಾನಂದಾ ತಾನೇ ನಕ್ಕಳು, ತುತ್ತು ನೆತ್ತಿಗೇರುವಷ್ಟು.

"ಏನ ಮಾಟಗಾತಿ ಇದ್ದೀಯಲೇ ಹುಡುಗಿ! ಎಲ್ಲಾರೂ ಕೈ ಕೊಡ್ರಿ ಅಕಿ ಕಡೆ. ಕೈ ಕೊಟ್ಟವ್ರಿಗಷ್ಟ ಹೋಳಿಗಿ!"

ಯರಗುಪ್ಪಿಯ ಇಡೀ ಬಸ್ಸು ಸಾಲಾಗಿ ನಿಂತಿತು. ಹಿಂದೆ ಕಟ್ಟಿದ ಕೈಗಳೆಲ್ಲ ಮುಂದೆ ಬಂದವು. ಮಡಿವಾಳೆಪ್ಪನ ಹಂಚು ಮತ್ತೆ ಏರಿತು. ಅವನು ಮಾತ್ರ ಸಂಜೆಯವರೆಗೆ ಮುಖ ಸಡಿಲಿಸಲಿಲ್ಲ. ತನ್ನ ಹೋಳಿಗೆಗೆ ಲಿಂಬೆಯ ಹೆಸರು ಬಂತಲ್ಲ ಎಂಬ ಸಂಕಟ ಅವನದು, ಅದೂ ನ್ಯಾಯವೇ. ಕೊನೆಯ ಪಂಕ್ತಿಯಲ್ಲಿ ಮುಬಶಿರಾ ಅವನ ಎದುರೇ ಕೂತು ಹೊಟ್ಟೆ ತುಂಬ ಉಂಡಳು.

ಗೌಡರು ಅಜ್ಜಿ-ಮೊಮ್ಮಗಳನ್ನು ಅಣ್ಣಿಗೇರಿಗೆ ಬಿಟ್ಟುಬರಲು ಟಂಟಂ ಗಾಡಿ ಹೇಳಿದ್ದರು. ಅದರವನು ಹಾರ್ನು ಹೊಡೆದು ಅವಸರಿಸಿದ್ದರಿಂದ ಮುಬಶಿರಾ ಕೈ ತೊಳೆಯದೆ, ಕಾಗದಕ್ಕೆ ಒರೆಸಿಕೊಂಡೇ ಹತ್ತಿದ್ದಳು. ಕಡಲೆ ಹೊಲಗಳ ನಡುವೆ ಗಾಡಿ ಕುಲುಕುತ್ತ ಸಾಗಿತು. ಮಲಿಕಾಬಿ ಗುಲಾಬದಾನಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಗೆ ನೋಡುತ್ತಿದ್ದಳು.

"ದಾದಿ, ಎಲ್ಲಾರೂ ಚಲೋ ಅಂದ್ರು."

"ಅಂದ್ರು. ನನ್ನ ಮೂಗಿಗೆ ಇನ್ನೂ ಸಾಬಾಣನ." ಮಲಿಕಾಬಿ ತನ್ನ ಕೈ ಮೂಸಿ ಮತ್ತೆ ಕೆಳಗಿಟ್ಟಳು. "ಮಂದಿ ಅಂದದ್ದನ್ನ ಕೇಳಿ ನಾ ಅತ್ತರ್ ಮಾರೂದಿಲ್ಲ ಬೇಟಿ. ನನಗ ಬರಬೇಕು."

ಮುಬಶಿರಾಳಿಗೆ ಆಗ ತಿಳಿಯಿತು. ಆ ಹಂದರದಲ್ಲಿ ಕೈಗೆ ಹಚ್ಚಿಸಿಕೊಂಡೂ ಹೋಳಿಗೆ ಮುಟ್ಟದವಳು ಅಜ್ಜಿ ಒಬ್ಬಳೇ. ಸಕ್ಕರೆ ಕಾಯಿಲೆ ಬಂದಾಗಿನಿಂದ ಡಾಕ್ಟರೂ ಮುಜಫರನೂ ಸೇರಿ ಅವಳ ಬಾಯಿಗೆ ಬೀಗ ಹಾಕಿದ್ದರು. ಎಷ್ಟೋ ಈದ್ ಬಂದು ಹೋಗಿದ್ದವು, ಶೀರ್‌ಖುರ್ಮಾದ ಬಟ್ಟಲನ್ನು ಅವಳು ಬೇರೆಯವರಿಗೆ ತುಂಬಿ ಕೊಡುತ್ತಿದ್ದಳೇ ಹೊರತು ತನ್ನ ಬಾಯಿಗೆ ತರುತ್ತಿರಲಿಲ್ಲ. ತಿಂದ ಮೂಗು ಸುಳ್ಳು ಹೇಳುತ್ತದೆ ಎನ್ನುತ್ತಿದ್ದ ಅಜ್ಜಿ ತಾನು ಸಿಹಿ ತಿಂದು ಯಾವ ಕಾಲವಾಯಿತೋ.

ಅವಳು ತನ್ನ ಬಲಗೈಯನ್ನು, ತುಪ್ಪದ ಜಿಡ್ಡು ಆರದ ಬೆರಳುಗಳ ಸಮೇತ, ಅಜ್ಜಿಯ ಮೂಗಿನ ಹತ್ತಿರ ಹಿಡಿದಳು.

ಮಲಿಕಾಬಿ ಮೊದಲು ತಲೆ ಹಿಂದೆ ಸರಿಸಿದಳು. ಆಮೇಲೆ ಒಂದು ಉಸಿರೆಳೆದಳು. ಗುಲಾಬದಾನಿ ತೊಡೆಯಿಂದ ಜಾರಿತು, ಹಿಡಿಯಲಿಲ್ಲ. ಎರಡೂ ಕೈಯಿಂದ ಮೊಮ್ಮಗಳ ಕೈ ಹಿಡಿದುಕೊಂಡು, ಕಣ್ಣು ಮುಚ್ಚಿ, ಹಾಗೆಯೇ ಕೂತಳು. ಗಾಡಿ ಕುಲುಕಿದಾಗಲೂ ಬಿಡಲಿಲ್ಲ. ಅವಳ ಗಂಟಲು ಏನೋ ನುಂಗಿದ ಹಾಗೆ ಆಡಿತು.

ಅವಳ ಫೋನು ಬಡಿದುಕೊಂಡಿತು. ಮುಜಫರ್. ಅವಳು ಒಂದು ಕೈಯಿಂದ ಫೋನನ್ನು ಕಿವಿಗಿಟ್ಟಳು, ಇನ್ನೊಂದರಲ್ಲಿ ಮೊಮ್ಮಗಳ ಕೈ ಹಾಗೇ ಇತ್ತು.

"ಅಮ್ಮಾ, ಬಡಿಗ್ಯಾ ನಾಳೆ ಮುಂಜಾನೇನ ಬರ್ತಾನಂತ. ಹೂಂ ಅನ್ನಲೇನು?"

"ಬ್ಯಾಡ ಅನ್ನು. ಎಂದೂ ಬ್ಯಾಡ ಅನ್ನು" ಎಂದಳು ಮಲಿಕಾಬಿ. "ಈಗ ಮಾತಾಡಸಬ್ಯಾಡ ನನ್ನ. ನಾ ಹೋಳಿಗಿ ತಿನ್ನಾಕತ್ತೀನಿ."